ಬೇಕೆಂದೇ ಮಾಡಿದ ಮೂರು ತಪ್ಪು

ಹನ್ನೊಂದು ಗಂಟೆಗೆ ಇನ್ನು ಹದಿನೇಳು ನಿಮಿಷವಿದೆ ಎನ್ನುವಾಗ, ಕೈಯಲ್ಲಿದ್ದ ಪುರಾವೆಯೇ ತನಗೆ ತಿರುಗಿಬಿದ್ದದ್ದು ಗಣಿತದ ಅಧ್ಯಾಪಕಿಗೆ ಗೊತ್ತಾಯಿತು.

ಹನ್ನೊಂದಕ್ಕೆ ಪ್ರಾಂಶುಪಾಲರು ಏಳನೆಯ ತರಗತಿಯ ಒಬ್ಬ ಹುಡುಗಿಯ ವಿಷಯ ತೀರ್ಮಾನಿಸುವವರಿದ್ದರು. ಸಹಪಾಠಿಗಳು ಅವಳನ್ನು ಆಮೆ ಎಂದು ಕರೆಯುತ್ತಿದ್ದರು. ಮೂರು ಕಿರುಪರೀಕ್ಷೆಗಳಲ್ಲೂ ನಪಾಸಾದವಳು ನಿಯಮದಂತೆ ಕೆಳಗಿನ ವಿಭಾಗಕ್ಕೆ ಹೋಗಬೇಕು. ಅಲ್ಲಿ ಬೀಜಗಣಿತ ಕಲಿಸುವುದಿಲ್ಲ. ಅಲ್ಲಿಂದ ಮರಳಿ ಬಂದವರೂ ಇಲ್ಲ. ಅಧ್ಯಾಪಕಿ ಹಟ ಹಿಡಿದು ಒಂದು ತಿಂಗಳ ಗಡುವು ಕೇಳಿ ಪಡೆದಿದ್ದಳು, ಇಡೀ ತರಗತಿಯನ್ನು ಆನ್‌ಲೈನ್ ಆಟವೊಂದಕ್ಕೆ ಹಚ್ಚಿದ್ದಳು. ಲೆಕ್ಕ ಬಿಡಿಸಿದಂತೆ ಪರದೆಯ ಮೇಲೆ ಗೋಪುರ ಹತ್ತುವ ಆಟ. ತಿಂಗಳು ತುಂಬಿದಾಗ ಅಂಕಪಟ್ಟಿಯ ತುದಿಯಲ್ಲಿ ಕೂತಿದ್ದವಳು ಆಮೆಯೇ.

ಪಟ್ಟಿಯೊಂದಿಗೆ ಅವಳ ಉತ್ತರಗಳೂ ಇರಲಿ ಎಂದು ಪ್ರಿಂಟ್ ತೆಗೆದು ಓದತೊಡಗಿದಳು. ಹದಿನೈದರಲ್ಲಿ ಎಂಟು ಕಳೆದರೆ ಐವತ್ತು. ಆರನ್ನು ಎರಡರಿಂದ ಗುಣಿಸಿದರೆ ಐವತ್ತು. ಹನ್ನೆರಡನ್ನು ಮೂರರಿಂದ ಭಾಗಿಸಿದರೂ ಐವತ್ತು. ಮೂರು ತಪ್ಪು, ಬೆನ್ನಿಗೇ ಹತ್ತು ಸರಿ. ಮತ್ತೆ ಮೂರು ತಪ್ಪು, ಹತ್ತು ಸರಿ. ಹಾಳೆಯಿಂದ ಹಾಳೆಗೆ ಅದೇ ವರಸೆ.

ಮೂರು ತಪ್ಪಾದರೆ ಆಟ ಒಂದು ಮೆಟ್ಟಿಲು ಇಳಿಸುತ್ತಿತ್ತು, ಹತ್ತು ಸರಿಯಾದರೆ ಏರಿಸುತ್ತಿತ್ತು. ಅಂಕ ಮಾತ್ರ ಎಲ್ಲ ಮೆಟ್ಟಿಲಿಗೂ ಒಂದೇ. ನಿಧಾನದ ಮಕ್ಕಳ ಮನಸ್ಸು ಮುದುಡಬಾರದೆಂದು ಹಾಗೆ ಹೊಂದಿಸಿದವಳು ಅಧ್ಯಾಪಕಿಯೇ. ಹುಡುಗಿ ಏರಿದಾಗಲೆಲ್ಲ ಮೂರು ತಪ್ಪು ಒತ್ತಿ ಇಳಿದು, ತಳದಲ್ಲೇ ಬೀಡುಬಿಟ್ಟು, ಕೂಡುವ ಕಳೆಯುವ ಲೆಕ್ಕಗಳಲ್ಲೇ ಅಂಕ ಬಾಚಿಕೊಂಡಿದ್ದಳು.

ಇನ್ನು ಒಂಬತ್ತು ನಿಮಿಷ. ಅಂಕಪಟ್ಟಿಯೊಂದನ್ನೇ ತೋರಿಸಿದರೆ ಯಾರಿಗೂ ತಿಳಿಯದು. ಅಧ್ಯಾಪಕಿ ಉಳಿದ ಹಾಳೆಗಳನ್ನು ಮಡಿಚಿ ಚೀಲಕ್ಕೆ ತುರುಕಿದಳು, ಹೊರತೆಗೆದಳು, ಮತ್ತೆ ತುರುಕಿ ಪ್ರಾಂಶುಪಾಲರ ಕೋಣೆಯ ಮುಂದಿನ ಪಡಸಾಲೆಗೆ ಬಂದಳು.

ಬೆಂಚಿನ ಮೇಲೆ ಹುಡುಗಿಯೂ ಅವಳನ್ನು ಸಾಕಿದ ಸೋದರತ್ತೆಯೂ ಕಾಯುತ್ತಿದ್ದರು. ಅತ್ತೆ ಬಟ್ಟೆ ಹೊಲಿಯುವವಳು. ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು. ಇವಳಿಗೆ ತಲೆಯೇನೋ ಇದೆ, ಅದನ್ನು ಎಲ್ಲಿಟ್ಟೆ ಅಂತ ಮರೀತಾಳೆ ಎಂದು ಆಕೆ ನಗಲು ನೋಡಿದಳು. ಹುಡುಗಿ ಉಗುರು ಕಚ್ಚುತ್ತಿದ್ದಳು.

“ಬೇಕಂತಲೇ ತಪ್ಪು ಒತ್ತಿದೀಯಲ್ಲ, ಯಾರು ಹೇಳಿಕೊಟ್ಟರು?” ಎಂದು ಅಧ್ಯಾಪಕಿ ತಗ್ಗಿದ ದನಿಯಲ್ಲಿ ಕೇಳಿದಳು.

“ಯಾರೂ ಇಲ್ಲ ಮೇಡಂ. ಲೆಕ್ಕ ಹಾಕಿದೆ.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಪ್ರಾಂಶುಪಾಲರು ಐದು ನಿಮಿಷ ಮುಂಚೆಯೇ ಒಳಗೆ ಕರೆದರು.

ಅವರು ಪಟ್ಟಿಯ ಮೇಲೆ ಕಣ್ಣಾಡಿಸಿ, ಪರವಾಗಿಲ್ಲ ಎಂದು ಪೆನ್ನಿನ ಮುಚ್ಚಳ ತೆಗೆದರು. ಪೆನ್ನಿನ ಮೊನೆ ಕಾಗದ ಮುಟ್ಟುವ ಮೊದಲು ಅಧ್ಯಾಪಕಿಯ ಕೈ ಚೀಲಕ್ಕೆ ಹೋಯಿತು. ಲೆಕ್ಕ ಹಾಕಿದೆ ಎಂಬ ಮಾತು ಅವಳನ್ನು ಸುಮ್ಮನಿರಗೊಡಲಿಲ್ಲ. ಮಡಿಚಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಅತ್ತೆ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

ಪ್ರಾಂಶುಪಾಲರು ಪೆನ್ನು ಮುಚ್ಚಿದರು. ಇದು ಕಲಿಕೆಯಲ್ಲ, ಕಳ್ಳದಾರಿ ಎಂದರು.

“ಒಂದೇ ಒಂದು ಪ್ರಶ್ನೆ ಕೇಳಿ ನೋಡಿ ಸರ್. ಈ ಆಟದ ಮೇಲೇ ಕೇಳಿ” ಎಂದಳು ಅಧ್ಯಾಪಕಿ.

ಅವರು ಮನಸ್ಸಿಲ್ಲದೆ ಹುಡುಗಿಯತ್ತ ತಿರುಗಿದರು. “ಏನಮ್ಮ, ನಿನ್ನ ಲೆಕ್ಕ ಏನು ಹೇಳು.”

ಗೋಡೆಯ ಬಿಳಿ ಹಲಗೆಯ ಮುಂದೆ ಹುಡುಗಿ ಬಹಳ ಹೊತ್ತು ನಿಂತಳು. ನಿಂತೇ ಇದ್ದಳು. ಆಮೇಲೆ ಬರೆದಳು. ತೀರ ಮೇಲಿನ ಮೆಟ್ಟಿಲುಗಳಲ್ಲಿ ಅವಳಿಗೆ ನಿಮಿಷಕ್ಕೆ ಒಂದು ಲೆಕ್ಕ, ಅಂದರೆ ಹತ್ತು ಅಂಕ. ಕೆಳಗೆ ನಿಮಿಷಕ್ಕೆ ಹತ್ತು ಲೆಕ್ಕ, ನೂರು ಅಂಕ. ತಪ್ಪೊಂದಕ್ಕೆ ಐದರಂತೆ ಮೂರಕ್ಕೆ ಹದಿನೈದು ಹೋದರೂ ಎಂಬತ್ತೈದು ಉಳಿಯುತ್ತದೆ.

“ತಪ್ಪಿಗೆ ಎಷ್ಟು ಕಳೆದರೆ ಈ ಉಪಾಯ ಬಿಡ್ತೀಯ?” ಎಂದು ಪ್ರಾಂಶುಪಾಲರು ಕೇಳಿದರು.

ಹುಡುಗಿಯ ಪೆನ್ನು ಹಲಗೆಯ ಮೇಲೆ ಹೋಯಿತು, ನಿಂತಿತು, ಬೆರಳು ಒಂದು ಅಂಕಿಯನ್ನು ಒರೆಸಿತು.

“ಮೂವತ್ತು ಕಳೆದ್ರೆ ಎರಡೂ ಕಡೆ ಹತ್ತೇ, ಸರ್. ಮೂವತ್ತೊಂದಾದ್ರೆ ನಂಗೆ ನಷ್ಟ.”

ಕಿರುಪರೀಕ್ಷೆಯಲ್ಲಿ ಅವಳು ಖಾಲಿ ಬಿಟ್ಟಿದ್ದ ಬೀಜಗಣಿತದ ಪ್ರಶ್ನೆಗಳ ಜಾತಿಯದೇ ಲೆಕ್ಕವದು. ಪ್ರಾಂಶುಪಾಲರು ಕಾಗದದಲ್ಲಿ ತಾವೂ ಮಾಡಿ ನೋಡಿದರು, ಎರಡು ಸಲ. ಬಳಿಕ ಹುಡುಗಿ ಇದೇ ವಿಭಾಗದಲ್ಲಿರಲಿ ಎಂದು ಬರೆದು ಸಹಿ ಹಾಕಿದರು. ಅದರ ಕೆಳಗೆ, ಆಟ ಇಂದಿನಿಂದಲೇ ಬಂದ್ ಎಂದೂ ಬರೆದರು.

ಅತ್ತೆ ಪಡಸಾಲೆಯಲ್ಲಿ ಕಣ್ಣೊರೆಸಿಕೊಂಡು ಕೆಲಸಕ್ಕೆ ಓಡಿದಳು. ತರಗತಿಯ ಬಾಗಿಲ ಬಳಿ ಹುಡುಗಿ ತಡೆದು ನಿಂತಳು. ಒಳಗೆ ಮೂವತ್ತಾರು ಮಕ್ಕಳು ಆಟದ ಅವಧಿಗಾಗಿ ಗಲಾಟೆ ಎಬ್ಬಿಸಿದ್ದರು.

“ನನ್ನಿಂದ ಹೋಯ್ತು ಅಂತಾರೆ, ಮೇಡಂ.”

“ಅಂತಾರೆ. ಅಂಕ ತಪ್ಪಾಗಿ ಇಟ್ಟವಳು ನಾನು ಅಂತ ಮೊದಲು ನಾನೇ ಹೇಳ್ತೀನಿ. ಆದರೂ ಎರಡು ದಿನ ಬಿಡಲ್ಲ ಅವರು.”

ಹುಡುಗಿ ಲೆಕ್ಕ ಹಾಕುವವಳಂತೆ ಕ್ಷಣ ಹೊತ್ತು ನೆಲ ನೋಡಿದಳು. ಆಮೇಲೆ ಅಧ್ಯಾಪಕಿಗಿಂತ ಮೊದಲು ತಾನೇ ಬಾಗಿಲು ತಳ್ಳಿದಳು.