ನೂರಹನ್ನೆರಡನೇ ಪುಟದ ವಿಮಾನ

ನನ್ನ ಮಗಳು ಯಶಶ್ರೀ ಪರೀಕ್ಷೆಯಲ್ಲಿ ಕೊಟ್ಟ ಸರಿಯುತ್ತರವನ್ನು ತಪ್ಪು ಎಂದು ಸಾಧಿಸಲು ತಜ್ಞರ ಸಮಿತಿಯೊಂದು ಒಂದು ಪುಸ್ತಕವನ್ನು ಆಧಾರವಾಗಿ ತೋರಿಸಿದೆ. ಆ ಪುಸ್ತಕ ಬರೆದವನು ನಾನು. ಮುನಿರಾಮಪ್ಪ, ನಿವೃತ್ತ ವಿಜ್ಞಾನ ಮೇಷ್ಟ್ರು, ಶೇಷಾದ್ರಿಪುರಂ. ಹೊಟ್ಟೆ ಉರಿಯುತ್ತದೆ. ಆದರೆ ಯಾರನ್ನು ಬೈಯಲಿ?

ಯಶಶ್ರೀಗೆ ಈಗ ಮೂವತ್ತು. ಆರು ವರ್ಷದಿಂದ ಒಂದು ಸರ್ಕಾರಿ ನಿಗಮದಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಾಳೆ. ಪ್ರತಿ ಮಾರ್ಚ್ ತಿಂಗಳಲ್ಲಿ ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರುತ್ತೇವೆ. ಈ ವರ್ಷ ಅದೇ ನಿಗಮ ಕಾಯಂ ಸಹಾಯಕರ ಹುದ್ದೆಗೆ ಪರೀಕ್ಷೆ ನಡೆಸಿತು. ಅವಳು ಚೆನ್ನಾಗಿಯೇ ಬರೆದಳು. ತಾತ್ಕಾಲಿಕ ಪಟ್ಟಿ ಬಂದಾಗ ನೋಡಿದರೆ, ಕೊನೆಯದಾಗಿ ಆಯ್ಕೆಯಾದವನಿಗಿಂತ ಅರ್ಧ ಅಂಕ ಕಡಿಮೆ.

ಅವಳಿಗೆ ಅಂಕ ತಪ್ಪಿಸಿದ ಪ್ರಶ್ನೆ ಇದು: ‘ಪ್ರಸ್ತುತ ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನ ಯಾವುದು?’ ನಾಲ್ಕು ಉತ್ತರಗಳಲ್ಲಿ ಒಂದು ಕಾಂಕಾರ್ಡ್. ಕೊನೆಯದು ‘ಇವುಗಳಲ್ಲಿ ಯಾವುದೂ ಅಲ್ಲ’. ಇವಳು ಕೊನೆಯದಕ್ಕೆ ಗುರುತು ಹಾಕಿದ್ದಳು. ನಿಗಮದ ಪ್ರಕಾರ ಸರಿಯುತ್ತರ ಕಾಂಕಾರ್ಡ್. ಅದು ಕೊನೆಯ ಸಲ ಪ್ರಯಾಣಿಕರನ್ನು ಹೊತ್ತು ಹಾರಿದ್ದು ೨೦೦೩ರ ಅಕ್ಟೋಬರ್‌ನಲ್ಲಿ. ಉಳಿದವೆಲ್ಲ ಈಗ ಮ್ಯೂಸಿಯಂಗಳಲ್ಲಿ ನಿಂತಿವೆ, ಮಕ್ಕಳು ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಹಳೆಯ ಪತ್ರಿಕೆಗಳ ನಕಲು ಲಗತ್ತಿಸಿ ಆಕ್ಷೇಪಣೆ ಸಲ್ಲಿಸಿದೆವು. ಹದಿನೈದು ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು. ‘ಆಕ್ಷೇಪಣೆ ತಿರಸ್ಕರಿಸಲಾಗಿದೆ. ಆಧಾರ: ಸಮಗ್ರ ಸಾಮಾನ್ಯ ಜ್ಞಾನ ಕೈಪಿಡಿ, ಪರಿಷ್ಕೃತ ಮೂವತ್ತೊಂದನೇ ಮುದ್ರಣ, ಪುಟ ೧೧೨.’

ಆ ಕೈಪಿಡಿಯನ್ನು ನಾನು ಬರೆದದ್ದು ೧೯೯೮ರಲ್ಲಿ. ಆಗ ಆ ವಿಮಾನ ನಿಜಕ್ಕೂ ಹಾರುತ್ತಿತ್ತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆ! ಅದನ್ನು ಬರೆಯುವಾಗ ನನಗೆ ಎಷ್ಟು ಖುಷಿಯಾಗಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಇನ್ನು ಇಪ್ಪತ್ತು ವರ್ಷದಲ್ಲಿ ಎಲ್ಲರೂ ಹೀಗೆಯೇ ಹಾರುತ್ತಾರೆ ಎಂದು ತರಗತಿಯಲ್ಲಿ ಕೈ ಬೀಸಿ ಹೇಳುತ್ತಿದ್ದೆ. ಆಗಿದ್ದೇ ಬೇರೆ. ಇಂಧನವನ್ನು ಕುಡಿದುಹಾಕುವ ವಿಮಾನ, ಸೀಟು ನೂರೇ ನೂರು, ಟಿಕೆಟ್ಟು ಶ್ರೀಮಂತರಿಗೆ ಮಾತ್ರ. ಶಬ್ದವೇಗ ದಾಟಿದಾಗ ಗುಡುಗಿನಂಥ ಸದ್ದು, ಅದು ನಮ್ಮ ತಲೆಯ ಮೇಲೆ ಬೇಡ ಎಂದು ಎಷ್ಟೋ ದೇಶಗಳು ಹೇಳಿಬಿಟ್ಟವು. ಪ್ಯಾರಿಸ್ಸಿನಲ್ಲಿ ಒಂದು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಮೂರೇ ವರ್ಷದಲ್ಲಿ ಎಲ್ಲ ಮುಗಿಯಿತು.

ಕೊನೆಯ ಹಾರಾಟದ ಸುದ್ದಿ ಬಂದ ದಿನ ಎಂಟು ವರ್ಷದ ಯಶಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರಿಕೆ ಓದಿ ಹೇಳಿದ್ದೆ, ಇನ್ನು ಅದು ಹಾರುವುದಿಲ್ಲ ಎಂದು. ಅವಳು ಅದನ್ನು ಮರೆಯಲಿಲ್ಲ. ಪುಸ್ತಕವನ್ನು ನಂಬಿದವರೆಲ್ಲ ಪಾಸು, ಅಪ್ಪನನ್ನು ನಂಬಿದವಳು ಹೊರಗೆ.

ನಿಗಮದ ಕಚೇರಿಗೆ ಹೋದೆ. ನೇಮಕಾತಿ ವಿಭಾಗದ ಅಧಿಕಾರಿ ಕಶ್ಯಪ್ ಚಿಕ್ಕ ವಯಸ್ಸಿನವರು, ಕೂರಲು ಕುರ್ಚಿ ಕೊಟ್ಟರು.

“ಸರ್, ಸಮಿತಿಯವ್ರು ಪುಸ್ತಕದಲ್ಲಿ ಇರೋದನ್ನ ನೋಡ್ತಾರೆ.”

“ಆ ಪುಸ್ತಕ ಬರ್ದೋನೇ ನಾನು ಕಣ್ರೀ. ಅದು ಹಳೇದಾಗಿದೆ ಅಂತ ನಾನೇ ಹೇಳ್ತಿದೀನಲ್ಲ.”

ಅವರು ಮೇಜಿನ ಮೇಲಿದ್ದ ಪುಸ್ತಕದ ಮೊದಲ ಪುಟ ತಿರುಗಿಸಿ ನನ್ನ ಹೆಸರು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ನೀವ್ ಹೇಳೋದು ನಂಗೆ ಅರ್ಥ ಆಗತ್ತೆ ಸರ್. ಆದ್ರೆ ಪುಸ್ತಕದ ಮೇಲೆ ‘ಪರಿಷ್ಕೃತ’ ಅಂತಿದೆ, ಈ ವರ್ಷದ ಮುದ್ರಣ. ಅದೂ ಅಲ್ದೆ ನೀವು ಕ್ಯಾಂಡಿಡೇಟ್ ತಂದೆ. ಪ್ರಕಾಶಕರಿಂದ ತಪ್ಪಾಗಿದೆ ಅಂತ ಒಂದ್ ಲೆಟರ್ ತಂದ್ಕೊಡಿ. ಶುಕ್ರವಾರ ಪಟ್ಟಿ ಫೈನಲ್ ಆಗ್ಬಿಡತ್ತೆ.”

ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು, ಬಿಸಿಲಿನಲ್ಲಿ ಚಾಮರಾಜಪೇಟೆಯವರೆಗೆ ನಡೆದೆ. ಪ್ರಕಾಶಕ ಶೀನಣ್ಣನ ಅಂಗಡಿ ಅಲ್ಲಿಯೇ ಇದೆ, ಮೂವತ್ತು ವರ್ಷದಿಂದ. ಕೈಪಿಡಿಯ ಹಕ್ಕನ್ನು ಅವರಿಗೆ ಒಂದೇ ಸಲಕ್ಕೆ ಬರೆದುಕೊಟ್ಟಿದ್ದೆ. ‘ಆ ಪುಸ್ತಕದಿಂದ ನಂಗೊಂದ್ ಸೀರೆ ಬಂತು, ಅದೂ ಹರಿದ್ಹೋಯ್ತು. ಪುಸ್ತಕ ಮಾತ್ರ ಹರೀಲಿಲ್ಲ’ ಎಂದು ನನ್ನ ಹೆಂಡತಿ ಶಕುಂತಲಮ್ಮ ಇವತ್ತಿಗೂ ಕಿಚಾಯಿಸುತ್ತಾಳೆ. ಶೀನಣ್ಣ ಪ್ರತಿ ಮುದ್ರಣಕ್ಕೂ ರಕ್ಷಾಪುಟದ ಬಣ್ಣ ಬದಲಾಯಿಸುತ್ತಾರೆ, ಮಂತ್ರಿಗಳ ಹೆಸರು ಬದಲಾಯಿಸುತ್ತಾರೆ. ಅವರ ಪರಿಷ್ಕರಣೆ ಅಷ್ಟೇ. ತಿದ್ದಬೇಕಾದ್ದನ್ನೆಲ್ಲ ೨೦೦೪ರಲ್ಲೇ ಅಂಚೆ ಕಾರ್ಡಿನಲ್ಲಿ ಬರೆದು ಹಾಕಿದ್ದೆ. ಅದು ತಲುಪಿತೋ ಎಂದು ಒಮ್ಮೆಯೂ ಕೇಳಲಿಲ್ಲ. ಆ ತಪ್ಪು ನನ್ನದೇ.

“ಬನ್ನಿ ಮೇಷ್ಟ್ರೇ, ಬನ್ನಿ! ಕಾಫಿ ತರಿಸ್ತೀನಿ.”

“ಕಾಫಿ ಬೇಡ ಶೀನಣ್ಣ, ಒಂದ್ ಕಾಗದ ಬೇಕು.” ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖದ ನಗು ಇಳಿಯಿತು.

“ತಪ್ಪು ಅಂತ ನಾನೇ ಸಹಿ ಹಾಕ್ಕೊಟ್ರೆ ನಾಳೆ ಯಾವ ಕೋಚಿಂಗ್ ಸೆಂಟರ್‌ನವನು ಈ ಪುಸ್ತಕ ಮುಟ್ತಾನೆ ಹೇಳಿ?”

“ನನ್ ಮಗಳ ಕೆಲಸ ಹೋಗ್ತಿದೆ ಶೀನಣ್ಣ.”

ಅವರು ನಿಜವಾಗಿಯೂ ನೊಂದುಕೊಂಡರು ಎಂದೇ ನನಗನ್ನಿಸಿತು. ಆಮೇಲೆ ಮೊಬೈಲ್ ತೆಗೆದು ಏನನ್ನೋ ಹುಡುಕಿ ನನ್ನ ಮುಂದೆ ಹಿಡಿದರು. ಅಮೆರಿಕದ ಒಂದು ಕಂಪನಿಯ ಪುಟ್ಟ ಪರೀಕ್ಷಾ ವಿಮಾನ ಶಬ್ದವೇಗ ದಾಟಿದ ಸುದ್ದಿ. ಸದ್ದು ನೆಲಕ್ಕೆ ಕೇಳಿಸದ ಹಾಗೆ ಹಾರಿಸುತ್ತಾರಂತೆ, ಇನ್ನು ಕೆಲವೇ ವರ್ಷದಲ್ಲಿ ಜನರನ್ನೂ ಕೂರಿಸುತ್ತಾರಂತೆ.

“ನೋಡಿ, ಮತ್ತೆ ಬರ್ತಿದೆ. ಈಗ ತೆಗ್ದು, ಆಮೇಲ್ ಮತ್ತೆ ಸೇರ್ಸೋದ್ಯಾಕೆ? ನಾಲ್ಕೈದ್ ವರ್ಷ ಹಾಗೇ ಬಿಟ್ರೆ ನಿಮ್ ಸಾಲು ತಾನಾಗೇ ಸರಿಹೋಗತ್ತೆ.”

“ಅದು ಕಾಂಕಾರ್ಡ್ ಅಲ್ಲ!”

“ಹೆಸರೊಂದ್ ತಾನೆ? ಆವಾಗ ಬದಲಾಯಿಸಿದ್ರಾಯ್ತು ಬಿಡಿ.”

ಮೊದಲಾಗಿದ್ದರೆ ಆ ಸುದ್ದಿ ಓದಿ ಕುಣಿಯುತ್ತಿದ್ದೆ. ಇಪ್ಪತ್ತು ವರ್ಷ ನಾನು ಕಾದದ್ದು ಅದಕ್ಕಾಗಿಯೇ. ಶೀನಣ್ಣನ ಅಂಗಡಿಯಲ್ಲಿ ನಿಂತು ಓದಿದಾಗ ಮೊಬೈಲನ್ನು ರಸ್ತೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಕೈಮುಗಿದೆ, ಇನ್ನೊಮ್ಮೆ ಕೇಳಿಕೊಂಡೆ. ಅವರೂ ಕೈಮುಗಿದರು.

ಶುಕ್ರವಾರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ಕೋರ್ಟಿಗೆ ಹೋಗೋಣ ಎಂದು ನಾನು ಕೂಗಾಡಿದೆ. “ಅದೇ ಆಫೀಸಲ್ಲಿ ಗುತ್ತಿಗೆ ಮೇಲಿದೀನಪ್ಪ. ಕೇಸ್ ಹಾಕಿದ್ರೆ ಮಾರ್ಚ್‌ಗೆ ಕಳಿಸ್ಬಿಡ್ತಾರೆ” ಎಂದಳು.

ಭಾನುವಾರ ಬೆಳಿಗ್ಗೆ ಅವಳು ಇನ್ನೊಂದು ಇಲಾಖೆಯ ಪರೀಕ್ಷೆಗೆ ಓದಲು ಕುಳಿತಿದ್ದಳು. ಮುಂದೆ ಕೈಪಿಡಿಯ ಮೂವತ್ತೊಂದನೇ ಮುದ್ರಣ, ಅಂಗಡಿಯಿಂದ ಅವಳೇ ಕೊಂಡು ತಂದದ್ದು. ನಾನು ಹತ್ತಿರ ಹೋದಾಗ ತಲೆಯೆತ್ತಿದಳು.

“ಅಪ್ಪಾ, ಇದೇ ಪ್ರಶ್ನೆ ಮತ್ತೆ ಬಂದ್ರೆ ಯಾವ್ದಕ್ಕೆ ಗುರುತು ಹಾಕ್ಲಿ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಮೂವತ್ಮೂರು ವರ್ಷ ಪಾಠ ಮಾಡಿದವನು ನಾನು. ಗೊತ್ತಿದ್ದೂ ತಪ್ಪು ಹೇಳಿಕೊಟ್ಟವನಲ್ಲ.

“ಕಾಂಕಾರ್ಡ್ ಅಂತ ಹಾಕಮ್ಮ” ಎಂದೆ.

ಅವಳು ತಲೆಯಾಡಿಸಿ, ಪೆನ್ಸಿಲ್ ತೆಗೆದುಕೊಂಡು ನಾನು ಬರೆದ ಸಾಲಿನ ಕೆಳಗೆ ಗೆರೆ ಎಳೆದಳು.