ಬೆನ್ನುಚೀಲಕ್ಕೆ ತುಂಬಿದ ಉಡಿ

ನಾನು ಒಂದು ಬೆನ್ನುಚೀಲ. ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುವ ದಸ್ತಗೀರಸಾಬರ ಅಂಗಡಿಯಲ್ಲಿ ಹುಟ್ಟಿದೆ. ದೊಡ್ಡದೊಂದು ತಾಡಪತ್ರಿ ಹೊಲಿದು ಉಳಿದ ತುಂಡು ನಾನು. ಹೀಗಾಗಿ ನನ್ನ ರೂಪದ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಆದರೆ ಸಾಬರು ಎರಡೆರಡು ಸಲ ಹೊಲಿಗೆ ಹಾಕಿ, ಜಗ್ಗಿ ನೋಡಿ, ಇದು ಕೊಂಡವರಿಗಿಂತ ಹೆಚ್ಚು ದಿನ ಬಾಳುತ್ತದೆ ಎಂದಿದ್ದರು. ಆ ಮಾತು ನಿಜವಾಯಿತು, ಪಾಪ.

ಕೊಂಡವರು ಗುಳೇದಗುಡ್ಡದ ಪ್ರಭುಲಿಂಗ ಮಾಸ್ತರರು. ಹಿಮಾಲಯ ಹತ್ತುತ್ತೇನೆ ಎಂದು ಅಂಗಡಿಯಲ್ಲಿ ದೊಡ್ಡ ಭಾಷಣ ಮಾಡಿದರು. ಆಮೇಲೆ ಹನ್ನೊಂದು ವರ್ಷ ನನ್ನಲ್ಲಿ ಮೆಂತ್ಯದ ಸೊಪ್ಪು, ಬದನೆಕಾಯಿ, ಉತ್ತರಪತ್ರಿಕೆಗಳ ಕಟ್ಟು ಹೊತ್ತು ತಿರುಗಿದರು. ಸಂತೆಗೆ ಹೋಗುವುದನ್ನೇ ಹಿಮಾಲಯಕ್ಕೆ ಹೊರಟಷ್ಟು ಸಡಗರದಿಂದ ಮಾಡುತ್ತಿದ್ದ ಒಳ್ಳೆಯ ಮನುಷ್ಯ. ಒಂದು ಸಂಜೆ ಶಾಲೆಯಿಂದ ಬಂದು, ನನ್ನನ್ನು ಗೂಟಕ್ಕೆ ಹಾಕಿ, ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ. ನಾಲ್ಕು ವರ್ಷ ನನ್ನನ್ನು ಯಾರೂ ಕೆಳಗಿಳಿಸಲಿಲ್ಲ.

ಇಳಿಸಿದವಳು ಅವರ ಹೆಂಡತಿ ನೀಲಕ್ಕ. ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಮಂದಿಯ ರಕ್ತ ಪರೀಕ್ಷೆ ಮಾಡಿದವಳು, ಐವತ್ತೊಂದನೆಯ ವಯಸ್ಸಿಗೆ ಒಬ್ಬಳೇ ನ್ಯೂಜಿಲೆಂಡಿಗೆ ಹೋಗಿ ಮೂರು ವಾರ ಬೆನ್ನಿಗೆ ಚೀಲ ಹಾಕಿಕೊಂಡು ಅಡ್ಡಾಡುತ್ತೇನೆ ಎಂದಳು. ಅಲ್ಲಿ ಗುರುತಿನವರು ಯಾರಿದ್ದಾರೆ ಎಂದು ಓಣಿಯೆಲ್ಲ ಕೇಳಿತು. ಯಾರೂ ಇಲ್ಲ, ಅದಕ್ಕೇ ಹೋಗುತ್ತೇನೆ ಎಂದಳು. ಏನೂ ಕೇಳದೆ ಉಳಿದವರು ಅತ್ತೆ ಶಿವಗಂಗವ್ವ ಒಬ್ಬರೇ. ಬೈಯಲಿಲ್ಲ, ಬೇಡ ಅನ್ನಲಿಲ್ಲ, ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡರು. ಮಗ ಹೋದ ಮೇಲೆ ಅತ್ತೆ ಸೊಸೆ ಒಂದೇ ತಾಟಿನಲ್ಲಿ ಉಂಡವರು. ನೀಲಕ್ಕನಿಗೆ ಬೇಕಾಗಿದ್ದುದು ಅವರ ಬಾಯಿಂದ ‘ಹೋಗಿ ಬಾ’ ಎಂಬ ಒಂದು ಮಾತು. ಅದು ಬರಲಿಲ್ಲ. ಹೊರಡುವ ಹೊತ್ತಿಗೂ ಮುದುಕಿ ದೇವರ ಕೋಣೆಯಲ್ಲಿ ಬೆನ್ನು ಮಾಡಿಕೊಂಡು ಕೂತಿದ್ದರು.

ಆದರೆ ನನಗೊಂದು ಗುಟ್ಟು ಗೊತ್ತಿತ್ತು. ಆ ಬೆಳಿಗ್ಗೆ ನೀಲಕ್ಕ ಸ್ನಾನಕ್ಕೆ ಹೋದಾಗ ಶಿವಗಂಗವ್ವ ಸದ್ದಿಲ್ಲದೆ ಬಂದು ನನ್ನ ತಳದ ಜಿಪ್ಪು ತೆರೆದಿದ್ದರು. ಒಂದು ಕುಬಸದ ಖಣದ ಬಟ್ಟೆ ಹಾಸಿ, ಅದರಲ್ಲಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಅಡಿಕೆ, ಬೆಲ್ಲದ ತುಂಡು ಇಟ್ಟು ಗಂಟು ಕಟ್ಟಿದರು. ಊರಿಗೆ ಹೊರಟ ಮುತ್ತೈದೆಯ ಸೆರಗಿಗೆ ಹಾಕಿ ಹರಸುವ ಉಡಿ ಅದು. ಗಂಡ ಸತ್ತವಳಿಗೆ ನಮ್ಮ ಕಡೆ ಉಡಿ ತುಂಬುವುದಿಲ್ಲ. ತುಂಬುವ ಕೈಯೂ ವಿಧವೆಯದಾದರೆ ಕೇಳುವುದೇ ಬೇಡ. ಅದಕ್ಕೇ ಸೆರಗಿನ ಬದಲು ನನಗೆ ತುಂಬಿದರು. ತುಂಬುತ್ತಲೇ ಮುದುಕಿ ಮತ್ತೆ ಮತ್ತೆ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದರು. ಹೇಳೋಣವೆಂದರೆ ನನಗೆಲ್ಲಿಯ ಮಾತು?

ಎರಡು ವಿಮಾನ ಬದಲಿಸಿ ಆಕ್ಲೆಂಡಿನಲ್ಲಿ ಇಳಿದೆವು. ನೀಲಕ್ಕ ನನ್ನನ್ನು ಹೆಗಲಿಗೇರಿಸಿದಾಗ ಆ ಹೆಗಲಲ್ಲಿ ಹೊಸ ದೇಶಕ್ಕೆ ಬಂದ ಖುಷಿ ಇರಲಿಲ್ಲ. ಮುನಿದ ಮನೆಯಿಂದ ಹೊರಟು ಬಂದವಳ ಹೆಗಲು ಅದು. ಮರುದಿನದ ವಿಮಾನಕ್ಕೆ ವಾಪಸು ಹೋಗಿಬಿಡಲೇ ಎಂದು ಎರಡು ಸಲ ತನ್ನಷ್ಟಕ್ಕೆ ಗೊಣಗಿದಳು. ತಿನ್ನುವ ವಸ್ತು, ಬೀಜ, ಬೇರು ಏನಾದರೂ ಇದೆಯೇ ಎಂದು ಕೇಳುವ ಚೀಟಿಯಲ್ಲಿ ಇಲ್ಲ ಎಂದು ಗುರುತು ಹಾಕಿದ್ದಳು. ಅಲ್ಲಿಯ ನಿಯಮ ಬಿಗಿ ಎಂದು ಓದಿಕೊಂಡು, ಕಟಕ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬಂದವಳು ಅವಳು. ಅಷ್ಟರಲ್ಲಿ ತಪಾಸಣೆಯ ಪುಟ್ಟದೊಂದು ನಾಯಿ ಬಂದು ನನ್ನನ್ನು ಮೂಸಿ, ಪಕ್ಕದಲ್ಲಿ ಶಿಸ್ತಾಗಿ ಕೂತುಬಿಟ್ಟಿತು.

ನನ್ನನ್ನು ಮೇಜಿನ ಮೇಲೆ ಮಲಗಿಸಿದರು. ಬಿಳಿಕೂದಲಿನ ಅಧಿಕಾರಿ ಹೆಂಗಸೊಬ್ಬರು ಕೈಗವಸು ಹಾಕಿಕೊಂಡು ಗಂಟು ಬಿಚ್ಚಿದರು. ಇಲ್ಲ ಎಂದು ಬರೆದು ತಂದರೆ ದಂಡ ಬೀಳುತ್ತದೆ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ನೀಲಕ್ಕನಿಗೆ ಖಣದ ಗುರುತು ಸಿಕ್ಕಿತ್ತು, ನಂಬಿಕೆ ಬರುತ್ತಿರಲಿಲ್ಲ. ಅಪ್ಪಣೆ ಪಡೆದು ಮನೆಗೆ ಫೋನು ಮಾಡಿದಳು.

"ಅತ್ತ್ಯಾರ, ಚೀಲದಾಗ ಉಡಿ ಯಾರು ಇಟ್ಟಾರ್ರಿ?"

"ನಾನ ಇಟ್ಟೀನಿ."

"ತಿನ್ನೂದು ಏನೂ ಒಯ್ಯಬಾರದು ಅಂತ ಹೇಳಿದ್ದೆ ಅಲ್ರಿ?"

"ಉಡಿ ಅಂದ್ರ ತಿನ್ನೂದೇನವಾ? ಖಾಲಿ ಉಡಿಲೆ ನಿನ್ನ ಹೆಂಗ ಕಳಸ್ಲಿ? ಎಂಟು ದಿನ ವಿಚಾರ ಮಾಡಿದೆ, ಎಲ್ಲಾರ ಮುಂದ ತುಂಬೂ ಧೈರ್ಯ ಬರಲಿಲ್ಲ. ಮಾರಿ ನೋಡಿದ್ರ ಅಳು ಬರತೈತಂತ ಒಳಗ ಕುಂತೆ. ಹೋಗಿ ಬಾ ನನ್ನವ್ವ."

ನೀಲಕ್ಕ ಅಲ್ಲೇ ನಿಂತು ಅತ್ತಳು. ಅಧಿಕಾರಿ ಕಾಯ್ದರು. ಆಮೇಲೆ ನೀಲಕ್ಕ ತನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲವನ್ನೂ ತಿಳಿಸಿ ಹೇಳಿದಳು. ಅವರು ಕೇಳಿಸಿಕೊಂಡು, ದಂಡ ಬಿಟ್ಟು ಎಚ್ಚರಿಕೆ ಮಾತ್ರ ಬರೆದುಕೊಂಡರು. ಬಟ್ಟೆಯನ್ನು ಇಟ್ಟುಕೊಳ್ಳಬಹುದು, ಉಳಿದದ್ದೆಲ್ಲ ಬುಟ್ಟಿಗೆ ಹೋಗಲೇಬೇಕು ಎಂದರು. ನೀಲಕ್ಕ ಒಪ್ಪಿದಳು. ಒಂದೇ ಒಂದು ಬಿನ್ನಹ ಮಾಡಿಕೊಂಡಳು: ಮೊದಲು ಇದನ್ನು ನನ್ನ ಮಡಿಲಿಗೆ ಹಾಕಿ, ಆಮೇಲೆ ನಾನೇ ನನ್ನ ಕೈಯಾರೆ ಬುಟ್ಟಿಗೆ ಹಾಕುತ್ತೇನೆ.

ಚೂಡಿದಾರದ ವೇಲು ಹಿಡಿದು ಒಡ್ಡಿದಳು. ಆ ಹೆಂಗಸು ಆಚೀಚೆ ನೋಡಿ, ಒಂದು ಹಿಡಿ, ಎರಡು ಹಿಡಿ ಎಂದು ಐದು ಹಿಡಿ ಅಕ್ಕಿ ಹಾಕಿದರು. ಕೊಬ್ಬರಿ ಬಟ್ಟಲನ್ನಂತೂ ಎರಡೂ ಕೈಯಲ್ಲಿ ಹಿಡಿದು ಇಟ್ಟರು. ಫೋನಿನಲ್ಲಿ ಮುದುಕಿ, ಏನು ಮಾಡುತ್ತಿದ್ದೀ ಎಂದು ಕೂಗುತ್ತಿದ್ದರು.

"ಉಡಿ ತುಂಬಿಸ್ಕೊಳ್ಳಾಕತ್ತೀನ್ರಿ," ಎಂದಳು ನೀಲಕ್ಕ.

ಹೊರಗೆ ಬಂದಾಗ ಗಾಳಿ ತಣ್ಣಗಿತ್ತು. ಹೆಗಲು ನೆಟ್ಟಗಾಗಿತ್ತು. ಮೂರು ವಾರ ಆ ಹೆಗಲ ಮೇಲೆ ನಾನು ಕಂಡ ಕೆರೆ, ಹಿಮ, ಕುರಿಮಂದೆಗಳಿಗೆ ಲೆಕ್ಕವಿಲ್ಲ.

ಈಗ ನನಗೆ ಮುಪ್ಪು. ಒಂದು ಪಟ್ಟಿ ಹರಿದಿದೆ, ಜಿಪ್ಪು ಕಚ್ಚುವುದಿಲ್ಲ. ಹಳೆಯ ಚಾದರ ತುಂಬಿಸಿಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತಿದ್ದೇನೆ. ಹೋದ ತಿಂಗಳು ನೀಲಕ್ಕ ಮತ್ತೆ ಹೊರಟಳು, ಈ ಸಲ ವಿಯೆಟ್ನಾಮಿಗೆ. ಹೊಸದೊಂದು ನೀಲಿ ಚೀಲ ತಂದಿದ್ದಳು. ಸುಳ್ಳೇಕೆ ಹೇಳಲಿ, ಅದನ್ನು ನೋಡಿ ನನ್ನ ಹೊಟ್ಟೆ ಉರಿಯಿತು.

ಬೀಳ್ಕೊಡಲು ಓಣಿಯ ಹೆಂಗಸರೆಲ್ಲ ಸೇರಿದ್ದರು. ಶಿವಗಂಗವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ ತಂದು, ಪಡಸಾಲೆಯ ನಡುವೆ ಮಣೆ ಹಾಕಿ, ಸೊಸೆಯನ್ನು ಕೂರಿಸಿದರು. ಹೀಗೆ ಮಾಡಬಹುದೇ ಎಂದು ಯಾರೋ ಒಬ್ಬರು ಮೆಲ್ಲಗೆ ಅಂದರು. ಮುದುಕಿ ತಿರುಗಿ ನೋಡಿದರು.

"ಕಳಸಾಕಿ ನಾನು, ಹೋಗಾಕಿ ಅಕಿ. ನಡುವ ನಿಮ್ಮದೇನೈತಿ?"

ಈ ಸಲ ಅವರು ಬಾಗಿಲ ಕಡೆ ಕಣ್ಣು ಹಾಯಿಸಲಿಲ್ಲ. ಅಕ್ಕಿ, ಕೊಬ್ಬರಿ ಎಲ್ಲವನ್ನೂ ಮನೆಯಲ್ಲೇ ಇಟ್ಟು ಹೋಗು, ನಾನು ಪಾಯಸ ಮಾಡಿ ಉಣ್ಣುತ್ತೇನೆ ಎಂದೂ ಹೇಳಿದರು. ಆ ಚಂದದ ಹೊಸ ಚೀಲಕ್ಕೆ ಒಂದು ಕಾಳು ಅಕ್ಕಿಯೂ ಬೀಳಲಿಲ್ಲ. ಎಲ್ಲವೂ ನೀಲಕ್ಕನ ಸೆರಗಿಗೇ ಬಿತ್ತು. ಮೂಲೆಯಲ್ಲಿ ಕೂತು ನೋಡಿದೆ. ಹೊಟ್ಟೆ ತಣ್ಣಗಾಯಿತು.