ಯಾರನ್ನೂ ಕೇಳದೆ ಹಾಕಿದ ಹನಿ

ಚಳಿ ಕಳೆದು ಮರಗಳು ಹೂ ಬಿಡಲು ಶುರುವಾದರೆ ಬೀದಿಯ ಅರ್ಧ ಜನಕ್ಕೆ ಸೀನು, ಉಳಿದರ್ಧಕ್ಕೆ ಕಣ್ಣಿನ ತುರಿಕೆ. ಕ್ಷೌರದಂಗಡಿಯವನ ಮಗಳಿಗೆ ಎರಡೂ. ಮನೆಯಲ್ಲಿ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಆ ದಿನಗಳಲ್ಲಿ ಬೆಳಿಗ್ಗೆ ಏಳುವಾಗಲೇ ಅವಳ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಬಿಸಿಲಿಗೆ ಬಂದರೆ ಕಣ್ಣು ಬಿಡಲಾಗುತ್ತಿರಲಿಲ್ಲ. ಉಜ್ಜಿ ಉಜ್ಜಿ ಕಣ್ಣು ಕೆಂಡವಾಗುತ್ತಿತ್ತು.

ಕ್ಷೌರದಂಗಡಿಯಲ್ಲಿ ಸಲಹೆಗೆ ಬರವೇ? ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಒಬ್ಬ ಗಿರಾಕಿ ಕನ್ನಡಿಯಲ್ಲೇ ಅಪ್ಪನನ್ನು ನೋಡಿ ಕಣ್ಣಿಗೆ ಹಾಕುವ ಒಂದು ಹನಿಯ ಹೆಸರು ಹೇಳಿದ.

"ಔಷಧದಂಗಡಿಯಲ್ಲಿ ಕೇಳು, ಕೊಡ್ತಾರೆ. ಡಾಕ್ಟ್ರೂ ಬೇಡ ಗೀಕ್ಟ್ರೂ ಬೇಡ."

ಅಪ್ಪ ತಂದ. ಅಮ್ಮ ಹಾಕಿದಳು. ಮರುದಿನಕ್ಕೆ ಕೆಂಪು ಇಳಿದು, ಗುಬ್ಬಿ ನಗುತ್ತಾ ಶಾಲೆಗೆ ಹೋದಳು. ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಅಂಗಡಿಗೆ ಬಂದವರಲ್ಲಿ ಯಾರ ಮಕ್ಕಳು ಕಣ್ಣುಜ್ಜಿದರೂ ಅದೇ ಹನಿಯ ಹೆಸರು ಹೇಳತೊಡಗಿದ.

ಮುಂದಿನ ವರ್ಷ ಮರಗಳು ಮತ್ತೆ ಹೂ ಬಿಟ್ಟಾಗ ಅವನ ಅಕ್ಕ ಬಂದಳು. ಅವಳು ಪಕ್ಕದ ಊರಿನ ಕಣ್ಣಾಸ್ಪತ್ರೆಯಲ್ಲಿ ನರ್ಸು. ಕಿಟಕಿಯ ಮೇಲಿದ್ದ ಸೀಸೆಯನ್ನು ತಿರುಗಿಸಿ ನೋಡಿದಳು.

"ಇದನ್ನ ಯಾರು ಬರ್ಕೊಟ್ರು?"

"ಯಾರೂ ಇಲ್ಲ ಅತ್ತಿಗೆ," ಎಂದಳು ಗುಬ್ಬಿಯ ಅಮ್ಮ. "ಅಂಗಡೀಲೇ ಸಿಗುತ್ತೆ. ಮೊದಲು ತುರಿಕೆ ಬಂದಾಗ ಮಾತ್ರ ಹಾಕ್ತಿದ್ವಿ. ಈಗೀಗ ಬಿಟ್ರೆ ಮತ್ತೆ ಬರುತ್ತೆ, ಅದಕ್ಕೇ ಬಿಟ್ಟೇ ಇಲ್ಲ."

"ಅಯ್ಯೋ, ಇದರಲ್ಲಿ ಸ್ಟೀರಾಯ್ಡ್ ಇದೆ ಕಣಮ್ಮ. ಡಾಕ್ಟರು ನೋಡ್ಕೊಂಡು ಕೆಲವು ದಿನ ಹಾಕಿಸ್ತಾರೆ, ಅದು ಬೇರೆ. ಹೀಗೆ ತಿಂಗಳುಗಟ್ಟಲೆ ಹಾಕಿದ್ರೆ ಕೆಲವು ಮಕ್ಕಳಿಗೆ ಕಣ್ಣೊಳಗಿನ ಒತ್ತಡ ಏರುತ್ತೆ. ನೋವೂ ಇರಲ್ಲ, ಕೆಂಪೂ ಇರಲ್ಲ. ಒಳಗೊಳಗೇ ಕಣ್ಣಿನ ನರ ಸಾಯ್ತಾ ದೃಷ್ಟಿ ಹೋಗುತ್ತೆ. ನಾಳೆನೇ ಕರ್ಕೊಂಡು ಬನ್ನಿ, ಒತ್ತಡ ಅಳೆದು ನೋಡೋಣ."

ತಮ್ಮ ನಕ್ಕ. "ಆಸ್ಪತ್ರೆ ಸೇರಿದ ಮೇಲೆ ನಿನಗೆ ಎಲ್ಲರೂ ರೋಗಿಗಳ ಥರಾನೇ ಕಾಣ್ತಾರಕ್ಕ. ಅವಳ ಕಣ್ಣು ನೋಡು, ಎಷ್ಟು ಬೆಳ್ಳಗಿದೆ."

"ಬೆಳ್ಳಗಿದ್ರೆ ಸಾಲದು ಕಣೋ. ಒಂದು ದಿನ ಅಂಗಡಿ ಮುಚ್ಚು."

"ನಾನು ಮುಚ್ಚಿದ್ರೆ ಗಿರಾಕಿ ಎದುರಂಗಡಿಗೆ ಹೋಗ್ತಾನೆ."

"ಅವಳಮ್ಮನ ಜೊತೆಗಾದ್ರೂ ಕಳಿಸು."

ತಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಮಗಳು ನನ್ನವಳು, ನಿನ್ನವಳಲ್ಲ. ಹೆತ್ತಿದ್ರೆ ನಿನಗೂ ಗೊತ್ತಾಗ್ತಿತ್ತು!"

ಅಕ್ಕ ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಗುಬ್ಬಿಯ ಅಮ್ಮ ಬಾಗಿಲವರೆಗೂ ಹೋಗಿ, ಗಂಡನ ಮುಖ ನೋಡಿ ಒಳಗೆ ಬಂದಳು. ಆಮೇಲೆ ಅಕ್ಕ ಬರಲಿಲ್ಲ, ಫೋನೂ ಮಾಡಲಿಲ್ಲ. ಹನಿ ಮಾತ್ರ ಬೀಳುತ್ತಲೇ ಇತ್ತು.

ಮಳೆ ಮುಗಿಯುವ ಹೊತ್ತಿಗೆ ಗುಬ್ಬಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳಲು ಶುರುಮಾಡಿದಳು. ಪಕ್ಕದಲ್ಲಿಟ್ಟ ಲೋಟ ಉರುಳಿಸುವಳು. "ಕಣ್ಣು ನೆತ್ತಿ ಮೇಲಿದೆಯೇನೇ?" ಎಂದು ಅಪ್ಪ ಬೈಯುತ್ತಿದ್ದ. ಒಂದು ಸಂಜೆ ಬೀದಿ ದಾಟುವಾಗ ಪಕ್ಕದಿಂದ ಬರುತ್ತಿದ್ದ ಸೈಕಲ್ಲಿಗೇ ಅವಳು ನೇರವಾಗಿ ನಡೆದುಹೋಗಿ ಬಿದ್ದಳು. "ಬೆಲ್ ಹೊಡೆದೆ, ತಿರುಗಿ ನೋಡಿದ್ಲು, ಆದ್ರೂ ನಿಲ್ಲಲಿಲ್ಲ," ಎಂದ ಸೈಕಲ್ಲಿನವನು.

ಅಮ್ಮ ಅವಳನ್ನು ಕೂರಿಸಿಕೊಂಡು ಹುಬ್ಬಿನ ಗಾಯ ತೊಳೆದಳು. ನೀರು ಬೀಳದಿರಲೆಂದು ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದಳು.

"ಅಮ್ಮಾ, ಆ ಕಣ್ಣು ಮುಚ್ಚಬೇಡ. ಕತ್ತಲೆ ಆಗುತ್ತೆ."

ಅಮ್ಮ ಥಟ್ಟನೆ ಕೈ ತೆಗೆದಳು. ಈ ಸಲ ಅವಳು ಗಂಡನ ಮುಖ ನೋಡಲಿಲ್ಲ. ನೇರವಾಗಿ ಅತ್ತಿಗೆಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಹೊತ್ತು ನೋಡಿದರು. ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು. ಎಡಗಣ್ಣಿಗೆ ಎದುರಿನದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ.

"ಹೋಗಿರೋದು ಮತ್ತೆ ಬರಲ್ಲ," ಎಂದರು ಡಾಕ್ಟರು. "ಉಳಿದಿರೋದನ್ನ ಉಳಿಸೋಕೆ ನೋಡೋಣ."

ಹೊರಗಿನ ಬೆಂಚಿನ ಮೇಲೆ ತಮ್ಮ ಅಕ್ಕನ ಪಕ್ಕ ಕೂತ. "ಬೈದುಬಿಡಕ್ಕ," ಎಂದ.

"ಬೈದ್ರೆ ಅವಳ ಕಣ್ಣು ಬರುತ್ತಾ?"

"ಬೇರೆ ದಾರಿ ಇತ್ತಾ?"

"ಇತ್ತು. ತಣ್ಣೀರಲ್ಲಿ ಅದ್ದಿದ ಬಟ್ಟೆ ಕಣ್ಣ ಮೇಲಿಟ್ಟಿದ್ರೆ ತುರಿಕೆ ಎಷ್ಟೋ ಇಳೀತಿತ್ತು. ಉಜ್ಜಬಾರದು. ಹೊರಗಿಂದ ಬಂದ ಕೂಡಲೇ ಕೈ, ಮುಖ ತೊಳೀಬೇಕು, ಬಟ್ಟೆ ಬದಲಾಯಿಸಬೇಕು. ಹೂವಿನ ಪುಡಿ ಹಾರೋ ಗಾಳೀಲಿ ಕಿಟಕಿ ಮುಚ್ಚಬೇಕು. ಬಿಸಿಲಿಗೆ ಟೋಪಿ, ಕನ್ನಡಕ. ಅಷ್ಟಕ್ಕೂ ಬಗ್ಗದಿದ್ರೆ ಡಾಕ್ಟರು ಬರ್ಕೊಡೋ ಅಲರ್ಜಿ ಹನಿ ಇದೆ, ನಿಧಾನಕ್ಕೆ ಕೆಲಸ ಮಾಡುತ್ತೆ." ಅಕ್ಕ ಎದ್ದು ನಿಂತಳು. "ನಿನಗೆ ಬೆಳಗಾಗೋದ್ರೊಳಗೆ ವಾಸಿಯಾಗಬೇಕಿತ್ತು."

ಈಗ ಆ ಮನೆಯಲ್ಲಿ ಅಕ್ಕ ಹೇಳಿದಂತೆಯೇ ನಡೆಯುತ್ತದೆ. ಕರೆದ ದಿನ ತಪ್ಪದೆ ಆಸ್ಪತ್ರೆಗೆ ಹೋಗುತ್ತಾರೆ. ಗುಬ್ಬಿ ಮೊದಲ ಬೆಂಚಿನಲ್ಲಿ ಕೂತು, ಕತ್ತು ಓರೆ ಮಾಡಿ ಬೋರ್ಡು ಓದುತ್ತಾಳೆ. ಮುಟ್ಟಾಟಕ್ಕೆ ಯಾರೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅಕ್ಕ ಮನೆಗೆ ಬರುತ್ತಾಳೆ, ಗುಬ್ಬಿಯನ್ನು ಮುದ್ದು ಮಾಡುತ್ತಾಳೆ. ತಮ್ಮನ ಜೊತೆ ಬೇಕಾದಷ್ಟೇ ಮಾತು.

ಅಪ್ಪ ತಾನು ಹನಿಯ ಹೆಸರು ಹೇಳಿದ್ದವರನ್ನೆಲ್ಲ ನೆನಪು ಮಾಡಿಕೊಂಡು, ಒಬ್ಬೊಬ್ಬರಿಗೂ ನಡೆದದ್ದನ್ನು ತಿಳಿಸುತ್ತಿದ್ದಾನೆ. ಕೆಲವರು ಗಾಬರಿಯಾಗಿ ಅಂದೇ ಮಕ್ಕಳನ್ನು ಕರೆದೊಯ್ದರು. ಒಬ್ಬ ಮಾತ್ರ ಕುರ್ಚಿಯಲ್ಲಿ ಕೂತೇ ನಕ್ಕುಬಿಟ್ಟ.

"ನಿನ್ನ ಮಗಳಿಗೆ ಆಗಿಬರಲಿಲ್ಲ ಅಂತ ಎಲ್ಲರಿಗೂ ಹಾಗೇ ಆಗುತ್ತೇನಯ್ಯಾ? ನನ್ನ ಮಗನ ಕಣ್ಣು ಬಂದು ನೋಡು, ಫಸ್ಟ್ ಕ್ಲಾಸಾಗಿದೆ."

ಅಪ್ಪನ ಕತ್ತರಿ ನಿಂತಿತು. "ನಾನೂ ನಮ್ಮಕ್ಕನಿಗೆ ಇದೇ ಮಾತು ಹೇಳಿದ್ದೆ ಸ್ವಾಮಿ. ಕೈ ಮುಗೀತೀನಿ, ಒಂದ್ಸಲ ತೋರಿಸ್ಕೊಂಡು ಬನ್ನಿ."

"ಮೊದಲು ಕೂದಲು ಮುಗಿಸಪ್ಪ," ಎಂದ ಅವನು.

ಮುಗಿಸಿದ. ಅವನು ತಲೆ ಕೊಡವಿಕೊಂಡು ಹೊರಟುಹೋದ. ಮಗನನ್ನು ಕರೆದೊಯ್ಯುತ್ತಾನೋ ಇಲ್ಲವೋ, ಗೊತ್ತಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಮರಗಳು ಹೂ ಬಿಡುವ ಕಾಲದಲ್ಲಿ ನಿಮ್ಮ ಮಗು ಕಣ್ಣುಜ್ಜಿದರೆ ಗಿರಾಕಿಯ ಮಾತು, ನೆಂಟರ ಮಾತು, ಡಾಕ್ಟರು ಎಂದೋ ಬರೆದ ಹಳೆಯ ಚೀಟಿ ಯಾವುದನ್ನೂ ನಂಬಿ ಹನಿ ಹಾಕಬೇಡಿ. ಕಣ್ಣಿನ ಡಾಕ್ಟರಿಗೆ ತೋರಿಸಿ. ಅವರು ಹೇಳಿದಷ್ಟು ದಿನ ಮಾತ್ರ ಹಾಕಿ. ಈಗಾಗಲೇ ಬಹಳ ದಿನದಿಂದ ಹಾಕುತ್ತಿದ್ದರೆ ಆ ಸೀಸೆಯನ್ನು ಜೊತೆಗೇ ಒಯ್ದು, ಕಣ್ಣಿನ ಒತ್ತಡ ನೋಡಿ ಎಂದು ಬಾಯಿಬಿಟ್ಟು ಕೇಳಿ. ಮಗು ತನ್ನ ಕಣ್ಣು ಮಂಜಾಗುತ್ತಿದೆ ಎಂದು ತಾನಾಗಿ ಹೇಳುವುದಿಲ್ಲ, ಅದಕ್ಕೆ ಗೊತ್ತೇ ಆಗುವುದಿಲ್ಲ. ನೀವೇ ಕರೆದೊಯ್ಯಬೇಕು. ಇವತ್ತೇ ಹೊರಡಿ.